ಮಕ್ಕಳನ್ನಾಡಿಸಲು ಪದವಿಯೇ?

ಕೊಪ್ಪದ ಆಚೆ, ಅಡಕೆತೋಟದ ಅಂಚಿನ ಮನೆಗೆ ಧಾರವಾಡದಿಂದ ಮಗಳು ಮರಳುತ್ತಾಳೆ. ಅಲ್ಲಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಮಾನವ ಅಭಿವೃದ್ಧಿಯೆಂಬ ಶಾಸ್ತ್ರವನ್ನು ಓದಿ, ಶಿಶುಶಿಕ್ಷಣದಲ್ಲಿ ಪರಿಶ್ರಮ ಪಡೆದು, ಸ್ನಾತಕೋತ್ತರ ಪದವೀಧರೆಯೆನಿಸಿದ್ದಾಳೆ. ಪದವಿಪತ್ರವನ್ನು ದೇವರ ಮುಂದಿರಿಸಿ ಅಜ್ಜಿಯ ಕಾಲಿಗೆರಗುತ್ತಾಳೆ. ಅಜ್ಜಿ ಮನಸಾರೆ ಹರಸುತ್ತಾಳೆ. ಆದರೆ ಸಂಶಯವನ್ನು ಅಡಗಿಸಲಾರಳು.

“ಮಕ್ಕಳನ್ನು ಆಡಿಸುವುದಕ್ಕೆ ಎಂ.ಎಸ್ಸಿ. ಬೇಕಾ ಮಾರಾಯ್ತಿ? ನಾನು ಏಳು ಹೆತ್ತು ಸಾಕಿದೆ. ನನಗೆ ಯಾರು ಪದವಿ ಕೊಟ್ಟರು?”

ಮನೆಮಂದಿಯೆಲ್ಲ ನಗುತ್ತಾರೆ. ಮಗಳೂ ನಗುತ್ತಾಳೆ. ಆದರೆ ದೀಪವಾರಿದ ಮೇಲೂ ಆ ಪ್ರಶ್ನೆ ಅವಳನ್ನು ಬಿಡುವುದಿಲ್ಲ. ಇಂತಹ ವ್ಯಾಸಂಗವನ್ನು ಮುಗಿಸಿ ಬಂದ ತರುಣಿ ಕೊಪ್ಪದವಳಾಗಲಿ, ಶೃಂಗೇರಿಯವಳಾಗಲಿ, ನರಸಿಂಹರಾಜಪುರದವಳಾಗಲಿ, ಎಂದಾದರೊಂದು ದಿನ ಉತ್ತರಿಸಲೇಬೇಕಾದ ಪ್ರಶ್ನೆಯದು.

ಅಜ್ಜಿಯ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಒಣಗಿದ ಅಡಕೆಯನ್ನು ಜಗಲಿಯ ಮೇಲೆ ಸುರಿದುಕೊಂಡು, ಪಕ್ಕದಲ್ಲಿ ಮೊಮ್ಮಗುವನ್ನು ಕುಳ್ಳಿರಿಸಿ, ಬೆಟ್ಟೆ ಇತ್ತ, ರಾಶಿ ಅತ್ತ, ಗೊರಬಲು ಬೇರೆ ಎಂದು ಆರಿಸಲು ಹೇಳುವಾಗ ತಾನು ಪಾಠ ಮಾಡುತ್ತಿರುವೆನೆಂಬ ಅರಿವೇ ಅವಳಿಗಿಲ್ಲ. ಬಣ್ಣ, ಗಾತ್ರ, ಆಕಾರಗಳನ್ನು ಗುರುತಿಸಿ ವಸ್ತುಗಳನ್ನು ಬೇರ್ಪಡಿಸುವುದು ಗಣಿತದ ಮೊದಲ ಮೆಟ್ಟಿಲೆಂದು ಮೊಮ್ಮಗಳು ಪುಸ್ತಕದಲ್ಲಿ ಓದಿದ್ದು ಇದನ್ನೇ. ೧೯೦೭ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ‘ಮಕ್ಕಳ ಮನೆ’ಯನ್ನು ತೆರೆದ ಮಾರಿಯಾ ಮಾಂಟೆಸ್ಸೊರಿಯವರು ಮರದ ತುಂಡುಗಳಿಂದ ಕಲಿಸಿದ್ದನ್ನು ಮಲೆನಾಡಿನ ಅಜ್ಜಿ ಅಡಕೆಯಿಂದ ಕಲಿಸುತ್ತಾಳೆ.

ಹಾಗಾದರೆ ಪದವಿ ಕೊಟ್ಟದ್ದೇನು?

ಮೊದಲನೆಯದು ತಾಳ್ಮೆ. ಶೃಂಗೇರಿಯ ಶಾರದೆಯ ಸನ್ನಿಧಿಗೆ ದೂರದೂರದ ತಾಯ್ತಂದೆಯರು ಅಕ್ಷರಾಭ್ಯಾಸಕ್ಕೆಂದು ಮಕ್ಕಳನ್ನು ಕರೆತರುತ್ತಾರೆ. ಪುಟ್ಟ ಬೆರಳನ್ನು ಹಿಡಿದು ಮೊದಲಕ್ಷರವನ್ನು ತಿದ್ದಿಸುವ ಆ ಗಳಿಗೆ ಮಂಗಳಕರವಾದುದು. ತೊಂದರೆ ಹುಟ್ಟುವುದು ಊರಿಗೆ ಮರಳಿದ ಮೇಲೆ, ಮೂರು ವರ್ಷದ ಕೂಸಿನ ಮುಂದೆ ಕಾಪಿ ಪುಸ್ತಕವನ್ನಿಟ್ಟು ಪುಟ ತುಂಬಿಸೆಂದು ಗದರಿಸಿದಾಗ. ಪೆನ್ಸಿಲನ್ನು ಹಿಡಿಯಬೇಕಾದ ಬೆರಳುಗಳು ಮೊದಲು ಮಣ್ಣು ಕಲಸಬೇಕು, ಹಿಟ್ಟು ನಾದಬೇಕು, ಹೂವು ಪೋಣಿಸಬೇಕು. ಆಗಲೇ ಅವು ಬಲಿಯುವುದು. ದೇವಿಯ ಮುಂದೆ ತಿದ್ದಿಸಿದ ಅಕ್ಷರ ಆಶೀರ್ವಾದ. ಆತುರದಿಂದ ಬರೆಯಿಸಿದ ಅಕ್ಷರ ಶಿಕ್ಷೆ.

ಎರಡನೆಯದು ನೋಡುವ ಕಣ್ಣು. ಭದ್ರೆಯ ಹಿನ್ನೀರಿನ ನರಸಿಂಹರಾಜಪುರದ ಕಡೆ ಕನ್ನಡದೊಡನೆ ಮಲಯಾಳ, ತುಳು, ಕೊಂಕಣಿಗಳೂ ಮನೆಮಾತುಗಳಾಗಿ ಕೇಳಿಬರುತ್ತವೆ. ಹಾಡು ಹೇಳೆಂದರೆ ಬಾಯಿ ಬಿಡದ ಮಗುವನ್ನು ‘ಮಂಕು’ ಎಂದು ಕರೆಯುವುದು ಸುಲಭ. ಅದಕ್ಕೆ ಕಿವಿ ಕೇಳಿಸದೋ, ಹಸಿವೋ, ಅಥವಾ ಟೀಚರಮ್ಮನ ಮಾತೇ ಹೊಸದೋ ಎಂದು ಒಂದೊಂದಾಗಿ ಪರೀಕ್ಷಿಸುವುದು ಕಷ್ಟ. ಎರಡು ವರ್ಷದ ವ್ಯಾಸಂಗದ ಬಹುಪಾಲು ಈ ಕಷ್ಟವನ್ನು ಅಭ್ಯಾಸ ಮಾಡಿಸುವುದರಲ್ಲಿಯೇ ಕಳೆಯುತ್ತದೆ. ಕಲಿಕೆ ಮನೆಮಾತಿನಿಂದ ಮೊದಲಾಗಬೇಕೆಂದೂ, ಮೂರರಿಂದ ಎಂಟು ವರ್ಷದವರೆಗಿನ ಕಾಲ ಶಿಕ್ಷಣದ ಬುನಾದಿಯೆಂದೂ ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ನೀತಿಯನ್ನು ಬರೆಯುವವರು ದೆಹಲಿಯಲ್ಲಿರಬಹುದು. ಮೌನವಾಗಿರುವ ಮಗು ಮಾತ್ರ ಹಿನ್ನೀರಿನ ಹಳ್ಳಿಯಲ್ಲಿಯೇ ಇರುತ್ತದೆ.

ಮೂರನೆಯದು ಇವೆರಡಕ್ಕಿಂತ ದೊಡ್ಡದು: ಎಲ್ಲ ಮಕ್ಕಳಿಗೂ ಇಂತಹ ಅಜ್ಜಿಯಿಲ್ಲವೆಂಬ ಅರಿವು. ೧೯೦೪ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರಿಗೆ ಬಾಲ್ಯದಲ್ಲಿ ಪಾಠ ಹೇಳಲು ದಕ್ಷಿಣ ಕನ್ನಡದಿಂದ ಉಪಾಧ್ಯಾಯರನ್ನು ಮನೆಗೇ ಕರೆಸಲಾಗಿತ್ತು. ಅನುಕೂಲಸ್ಥರ ಮನೆಗೆ ಶಾಲೆಯೇ ನಡೆದು ಬರುತ್ತಿತ್ತು. ತೋಟದ ಲೈನುಮನೆಯ ಮಗುವಿನ ಬಳಿಗೆ ಬಂದವರು ಯಾರು? ತಾಯಿ ಬೆಳಗಾಗುತ್ತಲೇ ಕೆಲಸಕ್ಕೆ ಹೊರಟರೆ ಅದನ್ನು ನೋಡಿಕೊಳ್ಳುವವಳು ಅದಕ್ಕಿಂತ ಮೂರು ವರ್ಷ ದೊಡ್ಡವಳಾದ ಅಕ್ಕ.

ಈ ಪ್ರಶ್ನೆಗೆ ಉತ್ತರ ಹುಡುಕಿದ ಪದವೀಧರೆಯರಲ್ಲಿ ತಾರಾಬಾಯಿ ಮೋಡಕರು ಮುಖ್ಯರು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಡನೆ ದುಡಿದು ಪಟ್ಟಣದ ಬಾಲಮಂದಿರವನ್ನು ಬಲ್ಲವರಾಗಿದ್ದ ಅವರು ೧೯೪೫ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಗ್ರಾಮಕ್ಕೆ ಹೋದರು. ಬಡವರ ಕೇರಿಯ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ೧೯೭೫ರ ಅಕ್ಟೋಬರ್ ೨ರಂದು ಸರ್ಕಾರವು ದೇಶದ ೩೩ ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಅದರ ಕೇಂದ್ರಗಳಿಗೆ ‘ಅಂಗನವಾಡಿ’ ಎಂದೇ ಹೆಸರಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ.

ಆದರೆ ಧಾರವಾಡದಿಂದ ಬಂದ ಮಗಳ ನಿಜವಾದ ಇಕ್ಕಟ್ಟು ಇಲ್ಲಿಯೇ ಮೊದಲಾಗುತ್ತದೆ. ಅವಳ ವಿದ್ಯೆ ಎಲ್ಲಿ ಹೆಚ್ಚು ಬೇಕೋ ಅಲ್ಲಿ ಅದಕ್ಕೆ ಬೆಲೆಯಿಲ್ಲ. ಅಂಗನವಾಡಿ ಕಾರ್ಯಕರ್ತೆಗೆ ದೊರೆಯುವುದು ಸಂಬಳವಲ್ಲ, ಗೌರವಧನ. ಅವಳಿಗೂ ಸಹಾಯಕಿಗೂ ಗ್ರಾಚ್ಯುಯಿಟಿಯ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯ ಹೇಳಲು ೨೦೨೨ರವರೆಗೆ ಕಾಯಬೇಕಾಯಿತು. ಬೆಂಗಳೂರಿನ ಶಿಶುವಿಹಾರಗಳಾದರೋ ಕೈಬೀಸಿ ಕರೆಯುತ್ತವೆ. ಸಾಲಮಾಡಿ ಓದಿಸಿದ ತಂದೆ ಮಗಳು ಅಲ್ಲಿಗೆ ಹೋಗಲೆಂದು ಬಯಸಿದರೆ ತಪ್ಪೆನ್ನುವಂತಿಲ್ಲ. ತ್ಯಾಗ ಮಾಡೆಂದು ಅವಳೊಬ್ಬಳಿಗೆ ಉಪದೇಶಿಸುವುದು ಸಮಾಜಕ್ಕೆ ಶೋಭೆಯೂ ಅಲ್ಲ. ಹೆಚ್ಚು ಓದಿದವಳು ಚಿಕ್ಕ ಮಕ್ಕಳ ಬಳಿ ಇರಬೇಕೆಂದು ನಿಜವಾಗಿ ನಂಬುವ ಊರು ಅದಕ್ಕೆ ತಕ್ಕ ವೇತನವನ್ನೂ ಕೊಡಬೇಕು.

ಹೋಗುವಳೋ ಉಳಿಯುವಳೋ, ಮಗಳಿನ್ನೂ ನಿರ್ಧರಿಸಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಅಂಗಳವೆಂಬುದು ಬರೀ ನೀರು; ಆದುದರಿಂದ ಲೈನುಮನೆಯ ನಾಲ್ಕು ಮಕ್ಕಳು ಅವಳ ಮನೆಯ ಜಗಲಿಯ ಮೇಲೆ ಕುಳಿತಿವೆ. ಅವಳು ಹುಣಸೆಬೀಜಗಳನ್ನು ಹರಡಿ ಒಂದಕ್ಕೊಂದು ಜೋಡಿ ಮಾಡಿಸುತ್ತಾಳೆ. ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ ಅಜ್ಜಿ ಕೇಳುತ್ತಾಳೆ:

“ಆ ಮೂಲೆಯ ಕೂಸು ಯಾಕೆ ಮಾತಾಡುವುದಿಲ್ಲ?”

“ಅದನ್ನೇ ನೋಡುತ್ತಿದ್ದೇನೆ ಅಜ್ಜಿ.”

ಅಜ್ಜಿ ಒಳಗೆ ಹೋಗಿ ಒಂದು ಬಟ್ಟಲು ಬಿಸಿ ಗಂಜಿಯೊಡನೆ ಮರಳಿ, ಆ ಕೂಸಿನ ಪಕ್ಕದಲ್ಲಿ ಕುಳಿತುಕೊಳ್ಳುತ್ತಾಳೆ. ಪದವಿಯ ಮಾತನ್ನು ಮತ್ತೆ ಎತ್ತುವುದಿಲ್ಲ.