ಕನ್ನಡಕ್ಕೆ ಸ್ಟಾರ್ಟಿಂಗ್ ಟ್ರಬಲ್ಲಾ?

"'ಹಿಟ್ ದ ಗ್ರೌಂಡ್ ರನ್ನಿಂಗ್' ಅನ್ನೋದಕ್ಕೆ ಕನ್ನಡದಲ್ಲಿ ಪದವೇ ಇಲ್ಲ ಮಾರಾಯ!"

ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರೆಲ್ಲ ಕನ್ನಡದವರೇ. ಮನೆಯಲ್ಲಿ ಕನ್ನಡ, ಕ್ಯಾಂಟೀನಿನಲ್ಲಿ ಕನ್ನಡ, ಬೈಗುಳವಂತೂ ಅಚ್ಚಗನ್ನಡ. ಆದರೆ ಜೋರಾಗಿ ಹೊರಡುವುದು, ನಿಧಾನಕ್ಕೆ ಹೊರಡುವುದು, ಸಿಟ್ಟಿನಿಂದ ಎದ್ದು ಹೊರಡುವುದು ಇಂಥ ವಿಷಯ ಬಂದ ಕೂಡಲೇ ಶುರು: ಇಂಗ್ಲಿಷ್ ಎಷ್ಟು ಶ್ರೀಮಂತ, ಕನ್ನಡ ಎಷ್ಟು ಬಡವ ಅಂತ ಪ್ರವಚನ. ಇದು ಅಪ್ಪಟ ಸುಳ್ಳು. ಯಾಕೆ ಸುಳ್ಳು ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ಇಂಗ್ಲಿಷಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿಬಿಡೋಣ. ಡ್ಯಾಶ್ ಆಫ್, ಟೇರ್ ಆಫ್, ಸ್ಟಾರ್ಮ್ ಔಟ್, ಆಂಬಲ್ ಆಫ್... ಇವುಗಳ ಕಟ್ಟಡ ನೋಡಿ. ಹೇಗೆ ಹೋದ ಅನ್ನುವುದು ಕ್ರಿಯಾಪದದಲ್ಲಿದೆ. ಹೋದ ಅನ್ನುವುದು ಬಾಲದಲ್ಲಿ, ಅಂದರೆ ಆ 'ಆಫ್', 'ಔಟ್' ಎಂಬ ಪುಟ್ಟ ಪದದಲ್ಲಿದೆ. ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ 1985ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ. ಕೆಲವು ಭಾಷೆಗಳು ಚಲನೆಯ ದಾರಿಯನ್ನು ಬಾಲಕ್ಕೆ ಕೊಟ್ಟು, ಕ್ರಿಯಾಪದವನ್ನು ರೀತಿಗೆ ಮೀಸಲಿಡುತ್ತವೆ. ಇನ್ನು ಕೆಲವು ದಾರಿಯನ್ನೇ ಕ್ರಿಯಾಪದದಲ್ಲಿಟ್ಟು, ರೀತಿಯನ್ನು ಬೇರೆ ಪದಗಳಿಂದ ಹೇಳುತ್ತವೆ. ರೂತ್ ಬರ್ಮನ್ ಮತ್ತು ಡ್ಯಾನ್ ಸ್ಲೋಬಿನ್ ಮಾತಿಲ್ಲದ ಒಂದು ಚಿತ್ರಪುಸ್ತಕ ಹಿಡಿದು ಮಕ್ಕಳಿಂದ, ದೊಡ್ಡವರಿಂದ ಕಪ್ಪೆಯ ಕತೆ ಹೇಳಿಸಿದರು. ಇಂಗ್ಲಿಷ್, ಜರ್ಮನ್, ಸ್ಪ್ಯಾನಿಶ್, ಹೀಬ್ರೂ, ಟರ್ಕಿಶ್ ಐದು ಭಾಷೆಗಳ ಆ ಅಧ್ಯಯನ 1994ರಲ್ಲಿ ಪುಸ್ತಕವಾಗಿ ಬಂತು. ಇಂಗ್ಲಿಷ್, ಜರ್ಮನ್ ಒಂದು ದಾರಿ ಹಿಡಿದರೆ ಸ್ಪ್ಯಾನಿಶ್, ಟರ್ಕಿಶ್ ಇನ್ನೊಂದು ದಾರಿ. ಹಾಗಂತ ಸ್ಪ್ಯಾನಿಶ್ ಬಡಭಾಷೆ ಅಂತ ಯಾರಾದರೂ ಅಂದರಾ?

ಕನ್ನಡ ಹೆಚ್ಚಾಗಿ ವಾಲುವುದು ಎರಡನೇ ಗುಂಪಿನ ಕಡೆಗೆ. ಹೊರಡು, ಹೋಗು, ಇಳಿ, ಏರು ಇವೆಲ್ಲ ದಾರಿ ಹೇಳುವ ಕ್ರಿಯಾಪದಗಳು. ವೇಗ ಎಲ್ಲಿದೆ? ಅದರ ಮುಂದಿದೆ. ದಡದಡ ಹೊರಟ. ಬಿರಬಿರನೆ ಹೊರಟ. ಸರಕ್ಕನೆ ಹೊರಟ. ರೊಯ್ಯಂತ ಹೊರಟ. ಇವು ನಾಲ್ಕೂ ಒಂದೇನಾ? ದಡದಡದಲ್ಲಿ ಭಾರವಿದೆ, ಸದ್ದಿದೆ. ಬಿರಬಿರನೆ ಹೊರಟವನು ನಡೆದೇ ಹೋಗುತ್ತಿದ್ದಾನೆ, ಯಾರನ್ನೂ ಮಾತಾಡಿಸುವ ಸ್ಥಿತಿಯಲ್ಲಿಲ್ಲ. ಸರಕ್ಕನೆ ಹೊರಟವನು ನಾವು ನೋಡುವಷ್ಟರಲ್ಲಿ ಮಾಯ. ರೊಯ್ಯಂತ ಹೊರಟವನ ಕೆಳಗೆ ಬೈಕಿದೆ! ಮೇಲಿನ 'ಡ್ಯಾಶ್ ಆಫ್'ನಲ್ಲಿ ಇಷ್ಟು ಸಂಗತಿ ಇದೆಯಾ, ನೀವೇ ಹೇಳಿ.

ಸಾಲದ್ದಕ್ಕೆ ಕ್ರಿಯಾಪದದ ಹಿಂದೆಯೂ ಸಾಮಾನಿದೆ. ಹೊರಟ, ಹೊರಟುಬಿಟ್ಟ, ಹೊರಟೇಹೋದ. 'ಹೊರಟುಬಿಟ್ಟ' ಅಂದರೆ ನಮಗಾಗಿ ಕಾಯಲಿಲ್ಲ. 'ಹೊರಟೇಹೋದ' ಅಂದರೆ ಹೇಳುವವನಿಗೆ ಸ್ವಲ್ಪ ಬೇಜಾರು.

ಆ ದಡದಡ, ಸರಸರಗಳನ್ನು ನಮ್ಮ ವ್ಯಾಕರಣ ಅನುಕರಣಾವ್ಯಯ ಅನ್ನುತ್ತದೆ. ಶಾಲೆಯಲ್ಲಿ ಎರಡು ಮಾರ್ಕಿಗೆ ಬಾಯಿಪಾಠ ಮಾಡಿ ಮರೆತೆವು. ಅಮೆರಿಕದ ಎಮನೋ 1969ರಲ್ಲಿ ಇಂಥ ಅನುಕರಣ ಪದಗಳ ಮೇಲೆಯೇ ಒಂದು ಲೇಖನ ಬರೆದು, ಇದು ಭಾರತದ ಭಾಷೆಗಳು ಕುಟುಂಬ ಬೇರೆಯಾದರೂ ಹಂಚಿಕೊಂಡಿರುವ ಗುಣ ಅಂತ ತೋರಿಸಿಕೊಟ್ಟರು. ನಮಗೋ, ಅವು ಮಕ್ಕಳ ಮಾತು!

ಇಂಗ್ಲಿಷಿನಲ್ಲಿ ವೇಗ ಇರುವ ಜಾಗದಲ್ಲೇ ಕನ್ನಡದಲ್ಲೂ ಇರಬೇಕು ಅಂತ ಹುಡುಕುವುದು, ಆಟೋರಿಕ್ಷಾದ ಮುಂದೆ ನಿಂತು ಬಾನೆಟ್ ಹುಡುಕಿ "ಇದಕ್ಕೆ ಎಂಜಿನ್ನೇ ಇಲ್ಲ" ಅಂದ ಹಾಗೆ. ಸ್ವಾಮಿ, ಎಂಜಿನ್ ಹಿಂದಿದೆ!

ಇನ್ನು ನುಡಿಗಟ್ಟುಗಳು. ಸಭೆಯಿಂದ ಸಿಟ್ಟಾಗಿ ಎದ್ದು ಹೋದವನಿಗೆ 'ದುರ್ದಾನ ತಗೊಂಡವನ ಹಾಗೆ ಹೋದ' ಅನ್ನುತ್ತೇವೆ. ಕೆಟ್ಟ ದಾನ ಪಡೆದವನು ತಿರುಗಿ ನೋಡದೆ ಹೋಗುತ್ತಾನಲ್ಲ, ಹಾಗೆ. ಹೆದರಿ ಓಡಿದವನು 'ಕಾಲಿಗೆ ಬುದ್ಧಿ ಹೇಳಿದ'. ಸಾಲಗಾರ 'ಕಂಬಿ ಕಿತ್ತ'. ಜೀವ ಉಳಿದರೆ ಸಾಕು ಅನ್ನುವವನು 'ಎದ್ದೆನೋ ಬಿದ್ದೆನೋ ಅಂತ' ಓಡಿದ. ಯಾವ ಭಾಷೆಗೆ ಕಡಿಮೆ ರೀ ಇದು?

ಇಂಗ್ಲಿಷಿನವರು ಮಾಡಿದ್ದೂ ಇಷ್ಟೇ. ತಮ್ಮ ಕಣ್ಣೆದುರು ಇದ್ದದ್ದನ್ನು ಮಾತಾಗಿಸಿದರು. ಲಂಗರಿನ ಹಗ್ಗ ಕಡಿದು ಓಡುವ ಹಡಗಿನಿಂದ 'ಕಟ್ ಅಂಡ್ ರನ್', ಹಬೆಯ ಹಡಗಿನಿಂದ 'ಫುಲ್ ಸ್ಟೀಮ್ ಅಹೆಡ್', ಓಟದ ಪಂದ್ಯದ ಪಿಸ್ತೂಲಿನಿಂದ 'ಜಂಪ್ ದ ಗನ್'. ಓಟಗಾರರ ಸ್ಟಾರ್ಟಿಂಗ್ ಬ್ಲಾಕ್ ಒಲಿಂಪಿಕ್ಸಿಗೆ ಬಂದದ್ದೇ 1948ರಲ್ಲಿ, ಲಂಡನ್ನಿನಲ್ಲಿ. ಚುರುಕಾಗಿ ಶುರು ಮಾಡಿದವರಿಗೆ 'ಕ್ವಿಕ್ ಔಟ್ ಆಫ್ ದ ಬ್ಲಾಕ್ಸ್' ಅನ್ನುವ ಮಾತು ಹುಟ್ಟಿದ್ದು ಆ ಸಲಕರಣೆಯಿಂದಲೇ.

ನಮ್ಮ ಜನವೂ ಹಾಗೇ ಮಾಡಿದ್ದಾರೆ, ಯಾವ ಪರಿಭಾಷಾ ಸಮಿತಿಯ ಅಪ್ಪಣೆಗೂ ಕಾಯದೆ. ಕಂಡಕ್ಟರ್ 'ರೈಟ್ ರೈಟ್' ಅಂದರೆ ಬಸ್ಸು ಹೊರಡುತ್ತದೆ. ಆ 'ರೈಟ್' ಈಗ ಕನ್ನಡ, ಇಂಗ್ಲೆಂಡಿನವನಿಗೆ ಅರ್ಥವಾಗಲಿಕ್ಕಿಲ್ಲ. 'ಸರ್ಕಾರ ಇನ್ನೂ ಟೇಕಾಫ್ ಆಗಿಲ್ಲ' ಅಂತ ವಿರೋಧ ಪಕ್ಷದವರು ಕೂಗಿದರೆ ಹಳ್ಳಿಯ ಅಜ್ಜನೂ ತಲೆಯಾಡಿಸುತ್ತಾನೆ. ಬೆಳಗ್ಗೆ ಒದ್ದರೂ ಏಳದ ಸ್ಕೂಟರಿನಿಂದ ಬಂದ 'ಸ್ಟಾರ್ಟಿಂಗ್ ಟ್ರಬಲ್ಲು' ಸೋಮಾರಿ ಮಗನಿಗೂ ಅನ್ವಯಿಸುತ್ತದೆ.

ಇದೆಲ್ಲ ಬರೀ ಪದಗಳ ಜಗಳ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಆಪ್ ಒಂದನ್ನು ಕನ್ನಡಕ್ಕೆ ತಂದರು. ಎಕ್ಸೆಲ್ ಶೀಟಿನಲ್ಲಿ ಎಡಗಡೆ ಇಂಗ್ಲಿಷ್, ಬಲಗಡೆ ಖಾಲಿ ಕೋಶ. ಅನುವಾದ ಮಾಡುವವರಿಗೆ ಪರದೆ ತೋರಿಸಲಿಲ್ಲ, ಸಂದರ್ಭ ಹೇಳಲಿಲ್ಲ. 'ಹಿಟ್ ದ ಗ್ರೌಂಡ್ ರನ್ನಿಂಗ್' ಹೋಗಿ 'ನೆಲಕ್ಕೆ ಹೊಡೆದು ಓಡಿ' ಆಯಿತು! 'ಕ್ವಿಕ್ ಸ್ಟಾರ್ಟ್ ಗೈಡ್' ಹೋಗಿ 'ಶೀಘ್ರ ಪ್ರಾರಂಭ ಮಾರ್ಗದರ್ಶಿಕೆ'. ಬಳಸುವವರು ಒಂದು ದಿನ ನೋಡಿದರು, ನಕ್ಕರು, ಇಂಗ್ಲಿಷಿಗೆ ಬದಲಾಯಿಸಿಕೊಂಡರು. ಕೆಲವು ತಿಂಗಳಾದ ಮೇಲೆ ಮೀಟಿಂಗಿನಲ್ಲಿ ತೀರ್ಪು: "ಕನ್ನಡಕ್ಕೆ ಡಿಮ್ಯಾಂಡ್ ಇಲ್ಲ." ಕನ್ನಡ ತೆಗೆದುಹಾಕಿದರು. ಇಂಗ್ಲಿಷ್ ಬಾರದ, ಆ ಆಪ್ ಬೇಕಾಗಿದ್ದವನ ಗತಿ ಏನು? ಅವನು ಆ ಮೀಟಿಂಗಿನಲ್ಲಿ ಇರಲಿಲ್ಲ.

ತಪ್ಪು ಅನುವಾದಕರದ್ದಲ್ಲ. ಒಂದು ಕೋಶಕ್ಕೆ ಒಂದು ಕೋಶ, ಒಂದು ಪದಕ್ಕೆ ಒಂದು ಪದ ಅನ್ನುವ ಪದ್ಧತಿಯದ್ದು. ಸಂಸ್ಕೃತದಿಂದ ಉದ್ದನೆಯ ಪದ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರದ್ದೂ ಅದೇ ರೋಗ. ಅವರೂ ಕೋಶ ತುಂಬುತ್ತಿದ್ದಾರೆ ಅಷ್ಟೇ.

ಹಾಗಾದರೆ ಆ ಮಹಾ 'ಹಿಟ್ ದ ಗ್ರೌಂಡ್ ರನ್ನಿಂಗ್'ಗೆ ಕನ್ನಡದಲ್ಲಿ ಏನು? ಹೊಸದಾಗಿ ಸೇರಿದ ಹುಡುಗಿಯ ಬಗ್ಗೆ ನಿಮ್ಮ ಅಮ್ಮ ಏನನ್ನುತ್ತಾರೆ ಯೋಚಿಸಿ. "ಬಂದವಳೇ ಕೆಲಸಕ್ಕೆ ಇಳಿದಳು." ಅಷ್ಟೇ! ಆ 'ಬಂದವಳೇ'ಯ ಕೊನೆಯ 'ಏ' ಇದೆಯಲ್ಲ, ಇಂಗ್ಲಿಷಿನ ನಾಲ್ಕು ಪದ ಮಾಡುವ ಕೆಲಸವನ್ನು ಅದೊಂದೇ ಮಾಡುತ್ತಿದೆ. ಕಾಲು ನೆಲ ಮುಟ್ಟಿದ್ದಕ್ಕೂ ಓಡಿದ್ದಕ್ಕೂ ನಡುವೆ ಪುರುಸೊತ್ತೇ ಇಲ್ಲ. ನಿಘಂಟಿನಲ್ಲಿ ಹುಡುಕಿದರೆ ಇದು ಸಿಗುವುದಿಲ್ಲ, ಯಾಕೆಂದರೆ ಇದು ಪದವಲ್ಲ, ಮಾತಾಡುವ ರೀತಿ.

ಕೊನೆಗೊಂದು ಪದ ನನ್ನ ಕಡೆಯಿಂದ. ಭಾರೀ ವೇಗದಲ್ಲಿ ಹೊರಟು, ಅರ್ಧ ದಾರಿಯಲ್ಲೇ ಮಲಗುವವನಿಗೆ ನಮ್ಮಲ್ಲಿ 'ಆರಂಭಶೂರ' ಅನ್ನುತ್ತಾರೆ. ಇದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಕೊಡಿ ನೋಡೋಣ! ನವೆಂಬರ್ ಒಂದಕ್ಕೆ ಬಾವುಟ ಕಟ್ಟಿಕೊಂಡು ರೊಯ್ಯಂತ ಹೊರಟು, ಡಿಸೆಂಬರಿನಲ್ಲಿ 'ಕನ್ನಡದಲ್ಲಿ ಪದ ಇಲ್ಲ' ಅನ್ನುವ ನಮಗೆಲ್ಲ ಅದು ಚೆನ್ನಾಗಿ ಒಪ್ಪುತ್ತದೆ.

ನಿಮ್ಮ ಕಡೆ ಗಡಿಬಿಡಿಯಲ್ಲಿ ಹೊರಟವನಿಗೆ, ಹೊರಡೋದಕ್ಕೇ ಗಂಟೆಗಟ್ಟಲೆ ತಗೊಳ್ಳುವವನಿಗೆ ಏನಂತಾರೆ? ಬರೆದು ತಿಳಿಸಿ. ಧಾರವಾಡದವರು, ಮಂಗಳೂರಿನವರು, ಚಾಮರಾಜನಗರದವರು ಮೊದಲು.