ತಗಡಿನ ಮೇಲೆ ಹತ್ತಿಸಿದವರೇ ಹೊಣೆ

ಮಿರಗದ (ಮೃಗಶಿರಾ) ಮಳೆ ಹತ್ತಿರವಾದಂತೆ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಛಾವಣಿ ಕೆಲಸಗಾರರಿಗೆ ಬಿಡುವೇ ಇರುವುದಿಲ್ಲ. ಬಿರುಗಾಳಿಗೆ ಕಿತ್ತೆದ್ದ ಪತ್ರಾ ಮತ್ತೆ ಕೂಡಿಸಬೇಕು, ಗೋದಾಮಿನ ಸೋರಿಕೆ ನಿಲ್ಲಿಸಬೇಕು, ಕಾರ್ಖಾನೆಯ ಒಡೆದ ಸಿಮೆಂಟ್ ಶೀಟ್ ಬದಲಿಸಬೇಕು. ಎಲ್ಲರಿಗೂ ಅವಸರ. ಆ ಅವಸರದಲ್ಲಿ ದಿನಗೂಲಿಯ ಹುಡುಗ ಹವಾಯಿ ಚಪ್ಪಲಿಯಲ್ಲೇ ನಿಚ್ಚಣಿಕೆ ಹತ್ತುತ್ತಾನೆ. ಅವನು ಬಿದ್ದು ಸತ್ತರೆ ‘ಕಾಲು ಜಾರಿತು’, ‘ಅವನ ನಸೀಬು’ ಎಂದು ಕೈತೊಳೆದುಕೊಳ್ಳುವ ರೂಢಿಯನ್ನು ಈ ಪತ್ರಿಕೆ ಒಪ್ಪುವುದಿಲ್ಲ. ಬಲೆ ಕಟ್ಟದೆ, ಹಲಗೆ ಹಾಸದೆ ಮನುಷ್ಯನನ್ನು ಮೇಲೆ ಹತ್ತಿಸಿದ ಗುತ್ತೇದಾರ, ಅದನ್ನು ನೋಡಿಯೂ ಕೆಲಸ ಮಾಡಿಸಿಕೊಂಡ ಮಾಲೀಕ, ಇಬ್ಬರೂ ಆ ಸಾವಿಗೆ ಹೊಣೆಗಾರರು.

ಛಾವಣಿಯಿಂದ ಬೀಳುವುದೆಂದರೆ ಅಂಚಿನಿಂದ ಜಾರುವುದು ಮಾತ್ರವಲ್ಲ. ಎಷ್ಟೋ ಮಂದಿ ಛಾವಣಿಯ ನಡುವೆಯೇ, ಕಾಲಡಿಯ ಶೀಟ್ ಮುರಿದು ಬೀಳುತ್ತಾರೆ. ವರ್ಷಗಟ್ಟಲೆ ಬಿಸಿಲು ಮಳೆ ಉಂಡ ಸಿಮೆಂಟ್ ಶೀಟ್ ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಒಬ್ಬ ಮನುಷ್ಯನ ಭಾರಕ್ಕೆ ಮುನ್ಸೂಚನೆಯನ್ನೇ ಕೊಡದೆ ಒಡೆಯುತ್ತದೆ. ಬೆಳಕಿಗೆಂದು ನಡುನಡುವೆ ಕೂಡಿಸಿದ ಫೈಬರ್ ಶೀಟ್ ಇನ್ನೂ ಅಪಾಯಕಾರಿ. ದೂಳು ಕೂತು, ಬಣ್ಣ ಮಾಸಿ ಅದು ಪಕ್ಕದ ಸಿಮೆಂಟ್ ಶೀಟಿನಂತೆಯೇ ಕಾಣತೊಡಗಿದ ಮೇಲೆ ಅದರ ಮೇಲೆ ಕಾಲಿಟ್ಟವನಿಗೆ ಗೊತ್ತಾಗುವುದು ಬಿದ್ದ ಮೇಲೆಯೇ. ‘ಬೋಲ್ಟ್ ಸಾಲು ಹಿಡಿದು ನಡಿ, ಕೆಳಗೆ ಪರ್ಲಿನ್ ಇರ್ತದ’ ಎಂದು ಹಿರಿಯ ಕೆಲಸಗಾರರು ಹೊಸಬರಿಗೆ ಹೇಳಿಕೊಡುತ್ತಾರೆ. ಪರ್ಲಿನ್ ಎಂದರೆ ಶೀಟನ್ನು ಹೊತ್ತು ನಿಲ್ಲುವ ಅಡ್ಡಪಟ್ಟಿ. ಒಂದು ಗೇಣು ಆಚೀಚೆಯಾದರೂ ಆ ಬುದ್ಧಿಮಾತು ಕೆಲಸಕ್ಕೆ ಬರುವುದಿಲ್ಲ. ಶೀಟ್ ಹೊತ್ತವನು, ಗಾಳಿಗೆ ತೂಗುವವನು ಸಾಲು ಹಿಡಿದೇ ನಡೆಯುತ್ತಾನೆಂದು ನಂಬುವುದು ಹೇಗೆ?

15 ಅಡಿಯಿಂದ ಬಿದ್ದವನು ಒಂದು ಸೆಕೆಂಡಿನೊಳಗೆ ನೆಲ ಮುಟ್ಟುತ್ತಾನೆ, ಆಗ ಅವನ ವೇಗ ಗಂಟೆಗೆ 34 ಕಿ.ಮೀ. ದಾಟಿರುತ್ತದೆ. ಬೆನ್ನುಹುರಿಗೋ ತಲೆಗೋ ಪೆಟ್ಟು ಬಿದ್ದವನನ್ನು ಬಸವಕಲ್ಯಾಣದಿಂದ ಬೀದರಿಗೆ ಒಯ್ಯಲು ಸುಮಾರು 80 ಕಿ.ಮೀ. ದಾರಿ. ಅಲ್ಲಿಂದಲೂ ಹೈದರಾಬಾದಿಗೋ ಕಲಬುರಗಿಗೋ ಒಯ್ಯಿರಿ ಎಂದರೆ ಮನೆಯವರು ಬಂಗಾರ ಒತ್ತೆ ಇಡಬೇಕು.

‘ಬೆಲ್ಟ್ ಕೊಟ್ಟಿದ್ದೆವು, ಅವನೇ ಕಟ್ಟಿಕೊಳ್ಳಲಿಲ್ಲ’ ಎಂಬುದು ಗುತ್ತೇದಾರರ ಸಿದ್ಧ ಉತ್ತರ. ಬೆಲ್ಟಿನ ಕೊಕ್ಕೆಯನ್ನು ಸಿಕ್ಕಿಸುವುದು ಎಲ್ಲಿ? ಹಗ್ಗ ಬಿಗಿಯಲು ಜಾಗವೇ ಇಲ್ಲದ ಕಡೆ ಬೆಲ್ಟ್ ಮೈಮೇಲಿನ ಭಾರವಷ್ಟೇ. ಜಾಗವಿದ್ದರೂ ಸಾಲದು. ಎರಡು ಮೀಟರ್ ಹಗ್ಗ, ಬಿದ್ದಾಗ ಬಿಚ್ಚಿಕೊಳ್ಳುವ ಶಾಕ್ ಅಬ್ಸಾರ್ಬರ್, ಮನುಷ್ಯನ ಎತ್ತರ ಎಲ್ಲ ಕೂಡಿದರೆ ಕೆಳಗೆ ಆರು ಮೀಟರಿನಷ್ಟು ಖಾಲಿ ಜಾಗ ಬೇಕು. ನಮ್ಮ 15 ಅಡಿ ಶೆಡ್ಡುಗಳಲ್ಲಿ ಅಷ್ಟು ಎತ್ತರವೇ ಇಲ್ಲ. ಅಲ್ಲಿ ಬೆಲ್ಟ್ ಹಿಡಿಯುವ ಮೊದಲೇ ಮೈ ನೆಲಕ್ಕೆ ಬಡಿಯುತ್ತದೆ. ಹಾಗಾಗಿ ಮೊದಲು ಕೇಳಬೇಕಾದ್ದು, ಈ ಕೆಲಸವನ್ನು ಕೆಳಗಿನಿಂದಲೇ, ಗಟ್ಟಿ ಅಟ್ಟಣಿಗೆಯ ಮೇಲೆ ನಿಂತು ಮಾಡಲು ಬರುತ್ತದೆಯೇ ಎಂಬುದನ್ನು. ಬರದಿದ್ದರೆ ಪರ್ಲಿನ್‌ಗಳ ಮೇಲೆ ಕೂರುವಷ್ಟು ಉದ್ದದ ಹಲಗೆ, ಶೀಟಿನ ಕೆಳಗೆ ಬಲೆ, ಅಂಚಿಗೆ ಕಟಕಟೆ. ಬೆಲ್ಟಿನ ಮಾತು ಇವೆಲ್ಲ ಆದ ಮೇಲೆ.

ಇದು ಹೊಸ ಜ್ಞಾನವೇನಲ್ಲ. ಬೀಳುವ ಭಯವಿರುವ ಎತ್ತರದಲ್ಲಿ ದುಡಿಸುವಾಗ ತಡೆ ಕಟ್ಟಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 32ನೇ ಕಲಂ ಹೇಳಿತ್ತು. ಕಟ್ಟಡ ಕಾರ್ಮಿಕರಿಗೆಂದೇ 1996ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. 1998ರ ಕೇಂದ್ರ ನಿಯಮಗಳು ಇಳಿಜಾರು ಛಾವಣಿಯ ಕೆಲಸವನ್ನೂ ಅಲ್ಲಿ ಹಾಸಬೇಕಾದ ಹಲಗೆಯನ್ನೂ ಹೆಸರಿಸಿಯೇ ಹೇಳಿದವು. ಆದರೆ 1996ರ ಕಾಯ್ದೆ ಅನ್ವಯಿಸುತ್ತಿದ್ದುದು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ. ಪತ್ರಾ ಕೂಡಿಸುವ ತಂಡದಲ್ಲಿ ಇರುವುದು ಮೂರೋ ನಾಲ್ಕೋ ಜನ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಹತ್ತರ ಆ ಗೆರೆಯನ್ನು ಅಳಿಸಲಿಲ್ಲ. ಸ್ವಂತ ವಾಸದ ಮನೆಗೆ 10 ಲಕ್ಷ ರೂಪಾಯಿವರೆಗೆ ಇದ್ದ ವಿನಾಯಿತಿಯನ್ನು 50 ಲಕ್ಷಕ್ಕೆ ಏರಿಸಿತು. ನಮ್ಮ ಊರುಗಳ ಬಹುಪಾಲು ಮನೆಗಳು ಅಲ್ಲಿಗೆ ಕಾನೂನಿನ ಕಣ್ಣಿಂದ ಮರೆಯಾದವು. ಇದು ಕಾನೂನು ಮಾಡಿದವರ ತಪ್ಪು. ಹುಮನಾಬಾದ್ ಕೈಗಾರಿಕಾ ಪ್ರದೇಶದ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಹತ್ತಕ್ಕಿಂತ ಕಡಿಮೆ ಜನರೆಂಬ ನೆಪ ಸಲ್ಲದು. ಆವರಣದೊಳಗೆ ಗುತ್ತಿಗೆಯವರು ಹತ್ತಿದರೂ ಹೊಣೆ ಕಾರ್ಖಾನೆಯದೇ.

ಬಸವಕಲ್ಯಾಣಕ್ಕೆ ಛಾವಣಿಯ ಸಾವು ಹೊಸದಲ್ಲ. 2019ರ ಜೂನ್‌ನಲ್ಲಿ ಹಳೆಯ ಮನೆಯ ಛಾವಣಿ ಕುಸಿದು ಒಂದೇ ಕುಟುಂಬದ ಆರು ಮಂದಿ ಸತ್ತಾಗ ಊರೇ ಮರುಗಿತ್ತು. ಛಾವಣಿಯ ಕೆಳಗೆ ಮಲಗಿದವರಿಗಾಗಿ ಅತ್ತ ಊರು, ಛಾವಣಿಯ ಮೇಲಿಂದ ಬಿದ್ದ ಒಬ್ಬೊಬ್ಬನಿಗಾಗಿ ಅಳುವುದಿಲ್ಲ. ಅವನ ಸಾವು ಠಾಣೆಯಲ್ಲಿ ಅಸಹಜ ಸಾವೆಂದು ದಾಖಲಾಗುತ್ತದೆ, ಹಿರಿಯರ ಮುಂದೆ ರಾಜಿಯಾಗುತ್ತದೆ, ಕಡತ ಮುಚ್ಚುತ್ತದೆ. ಕಾಯಕಕ್ಕೆ ಮರ್ಯಾದೆ ತಂದುಕೊಟ್ಟ ಶರಣರ ಹೆಸರಿನಲ್ಲಿ ನೂರಾರು ಕೋಟಿ ರೂಪಾಯಿಯ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದ ನೆಲದಲ್ಲಿ ಕಾಯಕ ಮಾಡುವವನ ಜೀವಕ್ಕೆ ಈ ಬೆಲೆ ಕಟ್ಟುವುದು ನಾಚಿಕೆಗೇಡು.

ಪೊಲೀಸರು ಇಂಥ ಸಾವುಗಳಲ್ಲಿ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅಡಿ ನಿರ್ಲಕ್ಷ್ಯದ ಪ್ರಕರಣವನ್ನು ಮೊದಲ ದಿನವೇ ದಾಖಲಿಸಬೇಕು. ಅದಕ್ಕೆ ಐದು ವರ್ಷದವರೆಗೆ ಸಜೆ ಇದೆ. ಬಸವಕಲ್ಯಾಣ ನಗರಸಭೆ, ಹುಮನಾಬಾದ್ ಪುರಸಭೆ ಕಟ್ಟಡ ಪರವಾನಗಿಯ ಜೊತೆಯಲ್ಲೇ ಬಲೆ, ಹಲಗೆ, ಕಟಕಟೆಯ ಷರತ್ತು ಹಾಕಬೇಕು. ಪರವಾನಗಿ ಬೇಕಿಲ್ಲದ ದುರಸ್ತಿ ಕೆಲಸಕ್ಕೂ ಮುಂಚಿತ ಮಾಹಿತಿ ಕೊಡುವುದನ್ನು ಕಡ್ಡಾಯ ಮಾಡಬೇಕು. ಕಟ್ಟಡ ವೆಚ್ಚದ ಶೇ 1ರಷ್ಟು ಸೆಸ್ಸಿನಿಂದ ಸಾವಿರಾರು ಕೋಟಿ ಕಂಡಿರುವ ರಾಜ್ಯ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ, ಸತ್ತವನ ಮನೆಗೆ ಪರಿಹಾರ ಕಳಿಸುವುದಕ್ಕೆ ಮೊದಲು ಬದುಕಿರುವವನ ಕಾಲಡಿಗೆ ಹಲಗೆ ಹಾಕಲಿ. ಎರಡೂ ಪಟ್ಟಣಗಳ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಬಲೆ, ಹಲಗೆ, ಅಟ್ಟಣಿಗೆಗಳನ್ನು ಇಟ್ಟು ಸಣ್ಣ ತಂಡಗಳಿಗೆ ಬಾಡಿಗೆಯಿಲ್ಲದೆ ಕೊಡಬೇಕು. ಜಿಲ್ಲಾಧಿಕಾರಿ ಈ ಆದೇಶಗಳನ್ನು ಮಿರಗದೊಳಗೆ ಹೊರಡಿಸಲಿ. ಅಲ್ಲಿಯವರೆಗೆ, ಹಲಗೆಯಿಲ್ಲದ ಛಾವಣಿ ಹತ್ತೆನೆಂದ ಕೆಲಸಗಾರನ ಒಂದು ದಿನದ ಪಗಾರವನ್ನೂ ಯಾವ ಗುತ್ತೇದಾರನೂ ಮುರಿಯಕೂಡದು.