ಊರಿನ ಬ್ಯಾಂಕು ಊರಲ್ಲೇ ಇರಲಿ

ಹೋಬಳಿ ಊರುಗಳ ಬ್ಯಾಂಕ್ ಶಾಖೆಗಳ ಕಾಲ ಮುಗಿಯಿತು ಎನ್ನುವವರು ಈಚೆಗೆ ಹೆಚ್ಚಾಗಿದ್ದಾರೆ. ಅವರಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಗಳಿದ್ದಾರೆ, ಅರ್ಥಶಾಸ್ತ್ರ ಓದಿದವರಿದ್ದಾರೆ, ಹಳ್ಳಿಯಿಂದ ಬಂದು ನಗರದಲ್ಲಿ ನೆಲೆಸಿದ ತರುಣರೂ ಇದ್ದಾರೆ. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಲೆಕ್ಕ ಇಟ್ಟುಕೊಂಡೇ ಮಾತಾಡುತ್ತಾರೆ. ಆದರೆ ಮನೆ ಕಟ್ಟಲು ಹೊರಟವರ, ಸಣ್ಣ ಕಸುಬು ಹಿಡಿದವರ, ಕೂಲಿ ಹಣಕ್ಕೆ ಕಾಯುವವರ ಕಡೆಯಿಂದ ನೋಡಿದರೆ ಆ ವಾದಗಳಲ್ಲಿ ಒಂದೂ ಪೂರ್ತಿ ನಿಲ್ಲುವುದಿಲ್ಲ. ಅದಕ್ಕೇ ಅವನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರ ಕೊಡುತ್ತಿದ್ದೇನೆ.

‘ಎಳನೀರು ಮಾರುವವರ ಗಾಡಿಯ ಮೇಲೂ ಕ್ಯೂಆರ್ ಕೋಡ್ ಇದೆ, ಇನ್ನು ಶಾಖೆ ಯಾಕೆ?’ ಎಂಬುದು ಮೊದಲ ಪ್ರಶ್ನೆ. ಯುಪಿಐ ಬಂದದ್ದು ಒಳ್ಳೆಯದೇ, ಚಿಲ್ಲರೆಯ ಜಗಳ ತಪ್ಪಿತು. ಆದರೆ ಅದು ಇರುವ ಹಣವನ್ನು ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ದಾಟಿಸುತ್ತದೆ, ಅಷ್ಟೆ. ಇಲ್ಲದ ಹಣವನ್ನು ನಂಬಿಕೆಯ ಮೇಲೆ ಕೊಡುವುದು ಬ್ಯಾಂಕಿನ ಕೆಲಸ. ಎಳನೀರಿನವನು ತಳ್ಳುಗಾಡಿ ಬಿಟ್ಟು ಗೂಡ್ಸ್ ಆಟೊ ಕೊಳ್ಳಬೇಕೆಂದರೆ ಯಾರಾದರೂ ಅವನ ವ್ಯಾಪಾರ ನೋಡಬೇಕು, ಅವನು ಎಂಥವನೆಂದು ತಿಳಿಯಬೇಕು, ‘ಕೊಡಬಹುದು’ ಎಂದು ಸಹಿ ಹಾಕಬೇಕು. ಆ ಸಹಿ ಹಾಕುವವರು ಎಷ್ಟು ದೂರದಲ್ಲಿ ಕೂತಿದ್ದಾರೆ ಎಂಬುದೇ ಈ ಚರ್ಚೆಯ ಮೂಲ.

ಸಾಲದ ಮಾತು ಹಾಗಿರಲಿ, ತಮ್ಮದೇ ಹಣ ಕೈಗೆ ಸಿಗುವುದಕ್ಕೂ ಶಾಖೆ ಬೇಕು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾಗಿ ತಿಂಗಳಿಗೆ ₹2,000 ಖಾತೆಗೆ ಬೀಳತೊಡಗಿದಾಗ, ಬಾರದವರೆಲ್ಲ ಓಡಿದ್ದು ಎಲ್ಲಿಗೆ? ‘ಆಧಾರ್ ಲಿಂಕ್ ಆಗಿಲ್ಲ’, ‘ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲ’, ‘ಖಾತೆ ನಿಷ್ಕ್ರಿಯವಾಗಿದೆ’ ಎಂಬ ಉತ್ತರಗಳು ಹಳ್ಳಿ ಹೆಂಗಸರಿಗೆ ಬಾಯಿಪಾಠವಾದದ್ದು ಆಗಲೇ. ಸರ್ಕಾರದ ಹಣ ಹೋಗುವುದು ಕೊನೆಯ ಬಾರಿಗೆ ಆಧಾರ್ ಜೋಡಿಸಿದ ಖಾತೆಗೆ. 2014ರಲ್ಲಿ ಶಿಬಿರ ಹಾಕಿ ತೆರೆದ ಜನಧನ ಖಾತೆಯೊಂದು, ಸಂಘಕ್ಕಾಗಿ ಮಾಡಿಸಿದ್ದು ಇನ್ನೊಂದು, ಗ್ಯಾಸ್ ಸಬ್ಸಿಡಿಯದು ಮತ್ತೊಂದು ಎಂದು ಖಾತೆಗಳಿದ್ದರೆ ಹಣ ಯಾವುದರಲ್ಲಿ ಕೂತಿದೆ ಎಂದು ಹುಡುಕಿಕೊಡಲು ಮನುಷ್ಯರೇ ಬೇಕು. 2024ರ ಜನವರಿ 1ರಿಂದ ನರೇಗಾ ಕೂಲಿಗೂ ಆಧಾರ್ ಆಧಾರಿತ ಪಾವತಿ ಕಡ್ಡಾಯವಾದ ಮೇಲೆ ಇದೇ ಪಾಡು ಕೂಲಿಯವರಿಗೂ ಬಂತು. ಅಂಥವರು ಶಾಖೆಗೆ ಒಮ್ಮೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕು, ಬಸ್ಸಿನ ಹೊತ್ತು ನೋಡಬೇಕು. ‘ನಾಳೆ ಬಾ’ ಎಂಬ ಎರಡು ಪದದ ಬೆಲೆ ಅವರಿಗೆ ಇನ್ನೊಂದು ದಿನದ ಕೂಲಿ.

ಇಲ್ಲಿಗೆ ಬಂದಾಗ ಎದುರಾಳಿಗಳು ‘ಬ್ಯಾಂಕ್ ಮಿತ್ರ ಇದ್ದಾರಲ್ಲ’ ಎನ್ನುತ್ತಾರೆ. ಇದ್ದಾರೆ. ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಡುತ್ತಾರೆ, ವ್ಯವಹಾರಕ್ಕಿಷ್ಟೆಂದು ಕಮಿಷನ್ ಪಡೆಯುತ್ತಾರೆ. ಕಷ್ಟದ ಕೆಲಸ, ಸಂಪಾದನೆ ಕಡಿಮೆ, ಅವರ ಮೇಲೆ ನನ್ನ ದೂರಿಲ್ಲ. ಆದರೆ ಕಲ್ಲು ಹೊತ್ತು, ಕಳೆ ಕಿತ್ತು ಸವೆದ ಬೆರಳು ಯಂತ್ರಕ್ಕೆ ಗುರುತು ಸಿಗದಿದ್ದರೆ ಅವರ ಕೈಯಲ್ಲೂ ಏನೂ ಇಲ್ಲ. ಸಾಲ ಮಂಜೂರು ಮಾಡುವ ಅಧಿಕಾರವಂತೂ ಇಲ್ಲವೇ ಇಲ್ಲ. ಹೀಗಿದ್ದರೂ 2017ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ ವಾರಕ್ಕೆ ಐದು ದಿನ, ದಿನಕ್ಕೆ ಕನಿಷ್ಠ ನಾಲ್ಕು ಗಂಟೆ ಸೇವೆ ಕೊಡುವ ಇಂಥ ಸ್ಥಿರ ಕೇಂದ್ರವೂ ಶಾಖೆಯ ಹಾಗೆ ‘ಬ್ಯಾಂಕಿಂಗ್ ಔಟ್‌ಲೆಟ್’ ಲೆಕ್ಕಕ್ಕೆ ಸೇರುತ್ತದೆ. ಹಳ್ಳಿಗಳಲ್ಲಿ ಬ್ಯಾಂಕ್ ಸೇವೆ ಎಷ್ಟು ಹೆಚ್ಚಿದೆ ನೋಡಿ ಎಂದು ಅಂಕಿ ತೋರಿಸುವವರು, ಅದರಲ್ಲಿ ಸಾಲ ಕೊಡಬಲ್ಲ ಕೇಂದ್ರಗಳೆಷ್ಟು ಎಂದು ಬಿಡಿಸಿ ತೋರಿಸಬೇಕು.

ಇನ್ನು ನಷ್ಟದ ಮಾತು. ‘ಹಳ್ಳಿ ಶಾಖೆ ತನ್ನ ಖರ್ಚು ತಾನು ಹುಟ್ಟಿಸುವುದಿಲ್ಲ’ ಎಂದು ಹೇಳುವಾಗ ಯಾವುದನ್ನು ಲೆಕ್ಕ ಹಿಡಿಯುತ್ತಾರೆ? ಹಳ್ಳಿಯವರು ಇಟ್ಟ ಠೇವಣಿ ಹಳ್ಳಿಯಲ್ಲೇ ಸಾಲವಾಗಿ ತಿರುಗಿದ್ದರೆ ಶಾಖೆಯ ಆದಾಯವೂ ಬೆಳೆಯುತ್ತಿತ್ತು. ಆದರೆ ಆ ಠೇವಣಿ ಮೇಲಕ್ಕೆ ಹರಿದು ನಗರದ ದೊಡ್ಡ ಸಾಲಗಾರರಿಗೆ ಹೋಗುತ್ತದೆ. ಇದು ನನ್ನ ಕಲ್ಪನೆಯಲ್ಲ. ಠೇವಣಿಗೆ ಹೋಲಿಸಿ ಸಾಲದ ಪ್ರಮಾಣ ನೂರಕ್ಕೆ 40ಕ್ಕಿಂತ ಕೆಳಗಿಳಿದ ಜಿಲ್ಲೆಗಳಲ್ಲಿ ವಿಶೇಷ ಉಪಸಮಿತಿ ಮಾಡಿ ಅದನ್ನು ಎತ್ತರಿಸಬೇಕೆಂದು ರಿಸರ್ವ್ ಬ್ಯಾಂಕೇ ಲೀಡ್ ಬ್ಯಾಂಕ್ ನಿಯಮಗಳಲ್ಲಿ ಹೇಳಿದೆ. ಕಾಯಿಲೆ ಇಲ್ಲದಿದ್ದರೆ ಮದ್ದು ಬರೆಯುತ್ತಿರಲಿಲ್ಲ.

ಇತಿಹಾಸವೂ ಅವರ ಪರ ಇಲ್ಲ. 1977ರಿಂದ 1990ರವರೆಗೆ ದೇಶದಲ್ಲಿ ಒಂದು ನಿಯಮವಿತ್ತು. ಈಗಾಗಲೇ ಬ್ಯಾಂಕಿರುವ ಊರಿನಲ್ಲಿ ಒಂದು ಶಾಖೆ ತೆರೆಯಬೇಕೆಂದರೆ ಬ್ಯಾಂಕೇ ಇಲ್ಲದ ನಾಲ್ಕು ಊರುಗಳಲ್ಲಿ ತೆರೆಯಬೇಕು. ಆ ಅವಧಿಯನ್ನು ಅಧ್ಯಯನ ಮಾಡಿ ರಾಬಿನ್ ಬರ್ಜೆಸ್ ಮತ್ತು ರೋಹಿಣಿ ಪಾಂಡೆ 2005ರಲ್ಲಿ ಪ್ರಕಟಿಸಿದ ಲೇಖನ, ಶಾಖೆಗಳು ಹಬ್ಬಿದ್ದರಿಂದ ಗ್ರಾಮೀಣ ಬಡತನ ಇಳಿಯಿತು, ಕೃಷಿಯೇತರ ಉತ್ಪಾದನೆ ಏರಿತು ಎಂಬ ತೀರ್ಮಾನಕ್ಕೆ ಬಂದಿದೆ. ಆ ಕಾಲದಲ್ಲಿ ವಸೂಲಾಗದ ಸಾಲವೂ ಬಹಳ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ವಸೂಲಿ ಸರಿಪಡಿಸಬೇಕಿತ್ತು. ನಾವು ನಿಯಮವನ್ನೇ ಕೈಬಿಟ್ಟೆವು.

ವಸೂಲಿಯ ಮಾತು ಬಂತಲ್ಲ, ಅದರ ಹಿಂದೆಯೇ ಬರುವುದು ನನಗೆ ಹೆಚ್ಚು ನೋವು ಕೊಡುವ ವಾದ: ‘ಬಡವರು ಸಾಲ ತೀರಿಸುವುದಿಲ್ಲ.’ ನೂರಕ್ಕೆ ವರ್ಷಕ್ಕೆ 20ರ ಮೇಲೆ ಬಡ್ಡಿ ಹಾಕುವ ಮೈಕ್ರೊಫೈನಾನ್ಸ್ ಕಂಪನಿಗಳಿಗೆ ವಾರ ವಾರ ಕಂತು ಕಟ್ಟುತ್ತಿರುವವರು ಯಾರು? ಅದೇ ಬಡವರು, ಅದರಲ್ಲೂ ಹೆಂಗಸರು. ಕಂತಿನ ದಿನ ಮೂಗುಬಟ್ಟು ಅಡವಿಟ್ಟಾದರೂ ಕಟ್ಟುತ್ತಾರೆ. ಒಂದು ಕಂಪನಿಯ ಕಂತಿಗೆ ಇನ್ನೊಂದರಲ್ಲಿ ಸಾಲ, ಅದರ ಕಂತಿಗೆ ಮೂರನೆಯದು. ಕೊನೆಗೆ ಕೈ ಸೋತಾಗ ಏನಾಗುತ್ತದೆಂಬುದನ್ನು 2025ರ ಆರಂಭದಲ್ಲಿ ನಾಡೇ ಕಂಡಿತು. ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ಕಟ್ಟಿಕೊಂಡ ಮನೆಯೂ ಹೋಯಿತು, ಊರಿನ ಕೆಲಸವೂ ಹೋಯಿತು. ಆ ವರ್ಷದ ಫೆಬ್ರುವರಿ 12ರಂದು ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂತು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ಎಂದಾಯಿತು. ಬೇಕಾದದ್ದೇ. ಆದರೆ ಬಾಗಿಲಿಗೆ ಬಂದು ಬೈಯುವುದನ್ನು ಕಾನೂನು ತಡೆಯಬಹುದು. ಮಗಳ ಕಾಲೇಜು ಫೀಸಿಗೆ, ಸೀಮೆ ಹಸುವಿಗೆ, ಮನೆಯ ಮೇಲ್ಛಾವಣಿಗೆ ಹಣ ಬೇಕಾದಾಗ ಆ ತಾಯಿ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಹತ್ತಿರದಲ್ಲಿ ಬ್ಯಾಂಕಿನ ಬಾಗಿಲು ತೆರೆದಿದ್ದರೆ ಅಷ್ಟು ಬಡ್ಡಿಗೆ ಯಾರೂ ಕೈ ಒಡ್ಡುವುದಿಲ್ಲ.

ಈ ನಾಡಿಗೆ ಈ ಪಾಠ ಹೊಸದೂ ಅಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ ದೇಶದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಸಾಹುಕಾರನ ಬಡ್ಡಿಯಿಂದ ಒಕ್ಕಲನ್ನು ಬಿಡಿಸುವುದು ಅದರ ಉದ್ದೇಶ. ಸಾಲ ಕೇಳಿದವನ ಹೊಲ ಯಾವುದು, ಆ ವರ್ಷ ಮಳೆ ಹೇಗಾಯಿತು, ಅವನ ಮಾತು ಎಂಥದು ಎಂಬುದು ಸಾಲ ಕೊಡುವವರಿಗೆ ಗೊತ್ತಿತ್ತು. ಅದಕ್ಕಿಂತ ಗಟ್ಟಿ ಜಾಮೀನು ಯಾವ ಸ್ಕೋರಿನಲ್ಲೂ ಇಲ್ಲ.

‘ಮನೆಗೆ ಸರ್ಕಾರವೇ ಹಣ ಕೊಡುತ್ತದೆ, ಅದಕ್ಕೆ ಬ್ಯಾಂಕ್ ಯಾಕೆ?’ ಎಂದು ಕೇಳುವವರಿದ್ದಾರೆ. ಕೊಡುತ್ತದೆ, ಆದರೆ ಎಷ್ಟು, ಯಾವಾಗ? ಪ್ರಧಾನ ಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲುಸೀಮೆಯ ಮನೆಯೊಂದಕ್ಕೆ ನಿಗದಿಯಾಗಿದ್ದದ್ದು ₹1.20 ಲಕ್ಷ. ಸಿಮೆಂಟು, ಕಬ್ಬಿಣ, ಜಲ್ಲಿ, ಗಾರೆಯವರ ಕೂಲಿ ತಿಳಿದ ಯಾರಿಗೂ ಅಷ್ಟರಲ್ಲಿ ಮನೆ ಆಗುವುದಿಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದೂ ತಳಪಾಯ, ಲಿಂಟಲ್, ಛಾವಣಿ ಎಂದು ಹಂತ ಮುಗಿದಂತೆ ಫೋಟೊ ತೆಗೆದು ಕಳಿಸಿದ ಮೇಲೆ ಕಂತುಗಳಲ್ಲಿ ಬರುತ್ತದೆ. ‘ಬಿಲ್ಲು ಆಗಿಲ್ಲ’ ಎಂದು ಲಿಂಟಲ್ ಮಟ್ಟಕ್ಕೇ ನಿಂತ ಗೋಡೆಗಳು, ಪಕ್ಕದಲ್ಲಿ ತಗಡಿನ ಶೆಡ್ಡಿನಲ್ಲಿ ಮಳೆಗಾಲ ಕಳೆಯುವ ಸಂಸಾರ ಎಷ್ಟು ಹಳ್ಳಿಗಳಲ್ಲಿಲ್ಲ! ಈ ಕೊರತೆ ಯೋಜನೆ ಮಾಡಿದವರಿಗೂ ಗೊತ್ತಿತ್ತು. ಬಯಸಿದ ಫಲಾನುಭವಿಗೆ ₹70,000ದವರೆಗೆ ಬ್ಯಾಂಕ್ ಸಾಲ ಕೊಡಿಸಲು ಅದರಲ್ಲೇ ಅವಕಾಶವಿಟ್ಟಿದ್ದಾರೆ. ಆ ಕಾಗದದ ಅವಕಾಶ ಹಣವಾಗಬೇಕಾದರೆ, ಅರ್ಧ ಎದ್ದ ಗೋಡೆಯನ್ನು ಕಣ್ಣಾರೆ ನೋಡಿ ಬರುವ ಫೀಲ್ಡ್ ಆಫೀಸರ್ ಬೇಕು.

ದಾಖಲೆಯ ತೊಡಕು ಇನ್ನೂ ದೊಡ್ಡದು. ಪಂಚಾಯಿತಿ ವ್ಯಾಪ್ತಿಯ ಮನೆಗೆ ಸಾಲ ಕೇಳಿದರೆ ನಮೂನೆ 9, ನಮೂನೆ 11 ತನ್ನಿ ಎನ್ನುತ್ತಾರೆ. ತಾತನ ಕಾಲದಿಂದ ಹಟ್ಟಿಯಲ್ಲಿ, ತಾಂಡಾದಲ್ಲಿ, ಹಾಡಿಯಲ್ಲಿ ವಾಸವಾಗಿದ್ದವರ ಬಳಿ ಅವೆಲ್ಲಿಂದ ಬರಬೇಕು? 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಹಕ್ಕುಪತ್ರ ಹಂಚಿದಾಗ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ತಾವಿರುವ ನೆಲದ ಕಾಗದ ಸಿಕ್ಕಿತು. ದೊಡ್ಡ ಕೆಲಸ. ಆದರೆ ಆ ಹಕ್ಕುಪತ್ರವನ್ನು ಆಧಾರವೆಂದು ಒಪ್ಪಿ ಸಾಲ ಕೊಡುವ ಧೈರ್ಯ ಬರುವುದು ತಾಂಡಾವನ್ನು ಬಲ್ಲ ಮ್ಯಾನೇಜರಿಗೇ ಹೊರತು ದೂರದ ನಗರದ ಸಾಲ ಸಂಸ್ಕರಣಾ ಕೇಂದ್ರದಲ್ಲಿ ಪರದೆಯ ಮೇಲೆ ಅರ್ಜಿ ನೋಡುವವರಿಗಲ್ಲ. ಅವರ ಪಟ್ಟಿಯಲ್ಲಿ ಹಕ್ಕುಪತ್ರಕ್ಕೆ ಗೆರೆಯೇ ಇಲ್ಲದಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು.

ಉದ್ಯೋಗದ ವಿಷಯಕ್ಕೆ ಬಂದರೆ ‘ಕೈಗಾರಿಕೆ ತನ್ನಿ, ಬ್ಯಾಂಕಿನಿಂದ ಕೆಲಸ ಹುಟ್ಟುವುದಿಲ್ಲ’ ಎಂಬ ವಾದ. ಕೈಗಾರಿಕೆ ಬರಲಿ. ಆದರೆ ಹೋಬಳಿ ಊರಿನ ಹೆಚ್ಚಿನ ದುಡಿಮೆ ಹುಟ್ಟುವುದು ಹಿಟ್ಟಿನ ಗಿರಣಿಯಲ್ಲಿ, ಟೈಲರ್ ಅಂಗಡಿಯಲ್ಲಿ, ವೆಲ್ಡಿಂಗ್ ಶೆಡ್ಡಿನಲ್ಲಿ, ಕೋಳಿ ಸಾಕಣೆಯಲ್ಲಿ. 2015ರ ಮುದ್ರಾ ಯೋಜನೆಯ ಶಿಶು ಸಾಲ ₹50,000ದವರೆಗೆ, ಆಸ್ತಿಯ ಅಡಮಾನವಿಲ್ಲದೆ. 2023ರ ವಿಶ್ವಕರ್ಮ ಯೋಜನೆಯಲ್ಲಿ ಕಮ್ಮಾರ, ಬಡಗಿ, ಕುಂಬಾರ, ಚಮ್ಮಾರರಿಗೆ ಮೊದಲು ₹1 ಲಕ್ಷ, ಆಮೇಲೆ ₹2 ಲಕ್ಷ, ನೂರಕ್ಕೆ 5ರ ಬಡ್ಡಿಯಲ್ಲಿ. ಎರಡಕ್ಕೂ ಕೊನೆಯ ಮೆಟ್ಟಿಲು ಹೆಚ್ಚಾಗಿ ಬ್ಯಾಂಕ್ ಶಾಖೆಯೇ.

ಕರಾವಳಿಯವರು ಇದನ್ನು ಬೇಗ ಅರ್ಥ ಮಾಡಿಕೊಂಡಿದ್ದರು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಬೀಜ ನೆಟ್ಟರು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರಿಂದ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿತು. 1925ರಲ್ಲಿ ಉಡುಪಿಯಲ್ಲೇ ಆರಂಭವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಮನೆ ಬಾಗಿಲಿಗೆ ಬಂದು ಪಡೆಯುತ್ತಿದ್ದರು. ಮೀನು ಮಾರುವ ಹೆಂಗಸಿನ ದಿನದ ಗಳಿಕೆ ಎಷ್ಟು, ಯಾವ ತಿಂಗಳು ಕೈ ಕಟ್ಟುತ್ತದೆ ಎಂಬುದು ಪಿಗ್ಮಿ ಏಜೆಂಟರಿಗೆ ಪುಸ್ತಕ ನೋಡದೆಯೂ ಗೊತ್ತಿರುತ್ತಿತ್ತು. ಆ ಏಜೆಂಟರ ಕೆಲಸದಿಂದ ಸಾವಿರಾರು ಸ್ಥಳೀಯರ ಒಲೆಯೂ ಉರಿಯಿತು, ಅವರೂ ಕಾರ್ಮಿಕರೇ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು.

ಇದನ್ನು ಹೇಳಿದರೆ ‘ಇದೆಲ್ಲ ಊರಭಿಮಾನ, ಬ್ಯಾಂಕಿನ ಬೋರ್ಡು ಯಾವುದಾದರೇನು’ ಎನ್ನುತ್ತಾರೆ. ಬೋರ್ಡಿಗಾಗಿ ನಾನು ಅಳುತ್ತಿಲ್ಲ. 2017ರವರೆಗೆ ಕರ್ನಾಟಕದಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಸರ್ಕಾರಿ ವಲಯದ ವಾಣಿಜ್ಯ ಬ್ಯಾಂಕುಗಳು ಐದು. ಆ ವರ್ಷ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ವಿಲೀನವಾದವು. ಉಳಿದದ್ದು ಕೆನರಾ ಒಂದೇ. ಸಿಂಡಿಕೇಟ್ ಕೆನರಾದೊಳಗೇ ಸೇರಿತು, ಮಿಕ್ಕ ಮೂರು ಬ್ಯಾಂಕುಗಳ ಸಾಲ ನೀತಿ ಬರೆಯುವ ಮೇಜು ರಾಜ್ಯದಿಂದಲೇ ಹೊರಟಿತು. ಅಡಿಕೆಗೆ ಕೊಳೆ ರೋಗ ಬಂದ ವರ್ಷ ಸಾಲದ ಅವಧಿ ವಿಸ್ತರಿಸಬೇಕೆಂಬುದನ್ನು ಆ ಮೇಜಿಗೆ ಮುಟ್ಟಿಸಲು ಈಗ ಎಷ್ಟು ಮೆಟ್ಟಿಲು ಹತ್ತಬೇಕು!

ಭಾಷೆಯದೂ ಇದೇ ಕಥೆ. ‘ಅಧಿಕಾರಿಗೆ ಕನ್ನಡ ಬಾರದಿದ್ದರೇನು, ಅನುವಾದದ ಆ್ಯಪ್ ಇದೆ’ ಎಂದು ಹೇಳುವವರು ಸಾಲ ಕೇಳಲು ಹೋದವರ ಎದೆಬಡಿತ ಕಂಡವರಲ್ಲ. ಹೊರಗಿನಿಂದ ಬಂದ ಅಧಿಕಾರಿಯ ಮೇಲೆ ಕೋಪ ಬೇಡ, ವರ್ಗಾವಣೆ ಅವರು ಕೇಳಿ ಪಡೆದದ್ದಲ್ಲ. ಆದರೆ ಬೆಳೆ ಯಾಕೆ ಹೋಯಿತು, ಗಂಡ ಯಾಕೆ ಸಹಿ ಹಾಕುತ್ತಿಲ್ಲ ಎಂಬುದನ್ನು ಹೆಣ್ಣುಮಗಳೊಬ್ಬಳು ತನ್ನ ಮಾತಿನಲ್ಲಿ ಹೇಳಲಾಗದಿದ್ದರೆ ಅವಳ ಅರ್ಜಿ ಅರ್ಧವೇ ತಲುಪಿದಂತೆ. ಗ್ರಾಮೀಣ ಬ್ಯಾಂಕ್ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ 2019ರಲ್ಲಿ ಕೇಂದ್ರ ಪ್ರಕಟಿಸಿತು. ಆ ದಾರಿ ವಾಣಿಜ್ಯ ಬ್ಯಾಂಕುಗಳ ಹಳ್ಳಿ ಶಾಖೆಗಳಿಗೂ ಬರಲಿ.

ಅವರ ಒಂದು ಮಾತನ್ನು ಮಾತ್ರ ಒಪ್ಪುತ್ತೇನೆ. ಕೆನರಾ ಮತ್ತು ಸಿಂಡಿಕೇಟ್ ಒಂದಾದ ಮೇಲೆ ಕೆಲವು ಪೇಟೆಗಳಲ್ಲಿ ಒಂದೇ ಬೀದಿಯಲ್ಲಿ ಒಂದೇ ಬ್ಯಾಂಕಿನ ಎರಡು ಶಾಖೆಗಳಾದವು. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕ್ ಮತ್ತು ಬಳ್ಳಾರಿಯ ಗ್ರಾಮೀಣ ಬ್ಯಾಂಕ್ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿರುವುದರಿಂದ ಅಲ್ಲಿಯೂ ಇಂಥ ಪ್ರಶ್ನೆ ಬರಬಹುದು. ಎರಡರಲ್ಲಿ ಒಂದನ್ನು ಮುಚ್ಚುವುದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಶಾಖೆಯ ಪರವಾನಗಿಯನ್ನೂ ಸಿಬ್ಬಂದಿಯನ್ನೂ ಸಾಲ ಮಂಜೂರಾತಿಯ ಅಧಿಕಾರವನ್ನೂ ಅದೇ ತಾಲ್ಲೂಕಿನ ಬ್ಯಾಂಕಿಲ್ಲದ ಹೋಬಳಿಗೆ ಒಯ್ಯಬೇಕು. ಊರಿಗಿರುವ ಒಂದೇ ಶಾಖೆಯನ್ನು ಮುಚ್ಚುವುದಾದರೆ ಮೊದಲು ಗ್ರಾಮಸಭೆಯ ಮುಂದೆ ಬಂದು, ಆ ಊರಿನವರು ಎಷ್ಟು ಠೇವಣಿ ಇಟ್ಟಿದ್ದಾರೆ, ಅದರಲ್ಲಿ ಎಷ್ಟು ಅವರಿಗೇ ಸಾಲವಾಗಿ ಮರಳಿದೆ ಎಂಬ ಲೆಕ್ಕವನ್ನು ಕನ್ನಡದಲ್ಲಿ ಓದಿ ಹೇಳಬೇಕು.